ದ್ರುತ್ ಆದ ಮೇಲೆ

೨ ನವೆಂಬರ್ ೧೯೪೪, ಆಳಂದ

ಸೋಲಾಪುರದ ಗಿರಣಿ ಕಾರ್ಮಿಕರ ಕರಪತ್ರ ಮತ್ತೊಮ್ಮೆ ಓದಿದೆ. ದುಡಿಯುವವರೆಲ್ಲ ಸಮಾನರು — ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದೆ. ಅಮ್ಮಿ ಅಳಿಸಿದಳು. ಮತ್ತೆ ಬರೆದೆ.

ಮುಂಬಯಿಯಿಂದ ಅಣ್ಣ ಶರಫುದ್ದೀನನ ಕಾಗದ. ಭಾನುವಾರ ಸಂಜೆ ಅವನ ಆರ್ಕೆಸ್ಟ್ರಾ ರೇಡಿಯೋದಲ್ಲಿ. ರಷ್ಯಾದವನೊಬ್ಬ ಕಟ್ಟಿದ, ಸಿಂಫನಿ ಎಂಬ ವಾದ್ಯಮೇಳದ ಕೃತಿಯಂತೆ. ರಷ್ಯಾ! ಕ್ರಾಂತಿಗಿಂತ ಹಿಂದಿನವನು... ಇರಲಿ. ಅಣ್ಣನದು ಚೆಲ್ಲೋ, ಮೊಣಕಾಲ ನಡುವೆ ಹಿಡಿದು ಬಾರಿಸುವ ದೊಡ್ಡ ತಂತಿವಾದ್ಯ. ಅಬ್ಬಾ ಕೊನೆಯವರೆಗೂ ಕೇಳಲಿ ಎಂದು ಬರೆದಿದ್ದಾನೆ.

ದರ್ಗಾದಲ್ಲಿ ಸಾರಂಗಿ ನುಡಿಸುವ ಮನೆ ನಮ್ಮದು. ಅಣ್ಣ ಅದನ್ನು ಬಿಟ್ಟು ಹೋದಂದಿನಿಂದ ಅಬ್ಬಾ ಅವನ ಹೆಸರೆತ್ತಿಲ್ಲ. ಈಗ ಹಾಸಿಗೆ ಹಿಡಿದಿದ್ದಾರೆ. ಕಾಗದ ಓದಿ ಹೇಳಿದೆ. ಗೂಟದಲ್ಲಿದ್ದ ಸಾರಂಗಿಯತ್ತ ನೋಡಿ ಕೇಳಿದರು — "ರೇಡಿಯೋ ಯಾರ ಮನ್ಯಾಗೈತಿ?"

ಜಮೀನ್ದಾರ ಅಣ್ಣಾರಾಯಗೌಡರ ಮನೆಯಲ್ಲಿ. ಆ ಹೊಸ್ತಿಲು ತುಳಿಯೆನೆಂದು ಪ್ರತಿಜ್ಞೆ ಮಾಡಿದ್ದೇನೆ.

೫ ನವೆಂಬರ್, ಭಾನುವಾರ

ತುಳಿದೆ. ಅಬ್ಬಾರನ್ನು ಬೆನ್ನ ಮೇಲೆ ಹೊತ್ತುಕೊಂಡು.

"ಬರ್ರಿ ಉಸ್ತಾದ್ರ. ಏನಲೇ ಮುರ್ತುಜಾ, ಕ್ರಾಂತಿ ನಮ್ಮ ಪಡಸಾಲೀಗೇ ಬಂತಲ್ಲ!" ಗೌಡರು ನಕ್ಕರು. ಅಬ್ಬಾರನ್ನು ರೇಡಿಯೋ ಪೆಟ್ಟಿಗೆಯ ಪಕ್ಕ ಕೂರಿಸಿದೆ.

ಶುರುವಾಯಿತು. ಎಪ್ಪತ್ತು ಮಂದಿ, ಒಂದೇ ಉಸಿರು. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ನಾನು ಗೋಡೆಯ ಮೇಲೆ ಬರೆದದ್ದು ಇದನ್ನೇ! ಅಬ್ಬಾ ಮಾತ್ರ ಪೆಟ್ಟಿಗೆಗೆ ಕಿವಿಯಿಟ್ಟು ಹುಡುಕುತ್ತಿದ್ದರು. "ಇಷ್ಟು ಮಂದ್ಯಾಗ ನನ್ನ ಮಗಾ ಯಾಂವಲೇ?"

ಲಯ ಏರಿತು... ತುತೂರಿ, ನಗಾರಿ, ಗುಡುಗು. ನಿಂತಿತು. ಅಲ್ಲಿ ಚಪ್ಪಾಳೆ.

"ದ್ರುತ್ ಆತು. ಮುಗೀತು," ಎಂದರು ಅಬ್ಬಾ. ನಮ್ಮಲ್ಲಿ ಯಾವ ರಾಗವೂ ದ್ರುತ್‌ನ ವೇಗದಲ್ಲೇ ಮುಗಿಯುವುದು. ಅಲ್ಲಿಂದ ನಿಧಾನಕ್ಕೆ ಯಾರೂ ಮರಳುವುದಿಲ್ಲ. "ಬಂದ್ ಮಾಡ್ರಿ ಗೌಡ್ರ, ನಿಮ್ಮ ಬ್ಯಾಟರಿ ಉಳೀಲಿ."

ಗೌಡರು ಗುಂಡಿ ತಿರುಗಿಸಿದರು.

ದಾರಿಯಲ್ಲಿ, ಬೆನ್ನ ಮೇಲಿಂದ — "ಆ ಗದ್ದಲದಾಗ ಅವನ ಕೈ ಕಳದು ಹೋಗೈತಿ, ಮುರ್ತುಜಾ."

೧೯ ನವೆಂಬರ್

ಅಬ್ಬಾರ ಮಣ್ಣು ಮುಗಿದ ಮೇಲೆ ಅಣ್ಣ ಬಂದು ಮುಟ್ಟಿದ. ನಾನು ಕಳಿಸಿದ ತಾರು ತಡವಾಗಿ ಸಿಕ್ಕಿತಂತೆ.

"ಕೊನೀದು ಕೇಳಿ ಅಬ್ಬಾ ಏನಂದ್ರು?"

"ಚಪ್ಪಾಳಿ ತನಾ ಕೇಳಿದ್ರು."

"ಅದರ ಮುಂದಿಂದು?"

"ಮುಂದ... ಇತ್ತೇನು?"

ಇತ್ತಂತೆ. ಅಲ್ಲಿಯ ಮಂದಿಯೂ ಮುಗಿಯಿತೆಂದೇ ಚಪ್ಪಾಳೆ ಹೊಡೆದರಂತೆ. ಆಮೇಲೆ ಒಂದು ನಿಧಾನದ ಭಾಗ. ಒಂದೊಂದೇ ವಾದ್ಯ ನಿಂತು, ಕೊನೆಗೆ ಇವನ ಸಾಲಿನ ದಪ್ಪ ತಂತಿಗಳಷ್ಟೇ ಉಳಿಯುತ್ತವಂತೆ. "ಅಬ್ಬಾ ಕಲಿಸಿದಂಗ ಕಮಾನು ಎಳದಿದ್ದೆ. ಅವರಿಗೆ ಗೊತ್ತಾಗ್ತಿತ್ತು..."

ಗೋಡೆಯ ಬರಹ ಹಾಗೇ ಇದೆ. ಈ ಸಲ ಅಮ್ಮಿ ಅಳಿಸಿಲ್ಲ.

೨೦ ನವೆಂಬರ್, ಬೆಳಿಗ್ಗೆ

ಅಣ್ಣ ಗೂಟದಿಂದ ಸಾರಂಗಿ ಇಳಿಸಿದ. ಶ್ರುತಿ ಮಾಡಿ, ಆ ಕೊನೆಯ ಭಾಗ ಹಿಡಿದ. ಗೋಡೆಯಾಚೆಯಿಂದ ನೆರೆಮನೆಯ ಖಾಸೀಂಬಿ — "ಮಯ್ಯತ್ ಆದ ಮನ್ಯಾಗ ಏನಬೇ ಇದು?"

"ಬಾರಿಸ್ಲಿ ಬಿಡಬೇ. ಅವರಪ್ಪಂದದು," ಎಂದಳು ಅಮ್ಮಿ. ಒಲೆ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು.

ಸ್ವರ ಇಳಿಯಿತು... ಇನ್ನೂ ಇಳಿಯಿತು... ನಿಂತಿತು. ಎದ್ದೆ.

"ಕುಂಡ್ರಲೇ. ಇನ್ನೂ ಐತಿ."

ಕುಳಿತೆ. ಅಣ್ಣ ಮತ್ತೆ ಕಮಾನು ಎಳೆದ. ಸ್ವರ ಇನ್ನೂ —