ಅವ್ವ ಲೂಸಿಡ್ ಇದ್ದಾಳೆ

ಜಲನಗರ, ವಿಜಯಪುರ
9 ಫೆಬ್ರುವರಿ 2025

ಪ್ರೀತಿಯ ತಂಗಿ ಚಂದ್ರಕಲಾಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಈ ಕಾಗದ. ಇದರ ನಡುವೆ ಬಾಯಿ ಹಾಕಲು ಬರುವುದಿಲ್ಲವಲ್ಲ!

ಅವ್ವ ‘ಲೂಸಿಡ್’ ಇಲ್ಲ, ಮೊಣಕಾಲಿನ ಆಪರೇಷನ್ ಬೇಡ ಎಂದು ಡಾಕ್ಟರ್ ಹೇಳಿದ್ದೇ ತಡ, ನೀನು ಅಳುತ್ತ ಅವಳನ್ನು ತಿಕೋಟಾದ ನಮ್ಮ ತವರಿಗೆ ವಾಪಸು ಕರೆದೊಯ್ದೆ. ಹಾಗೆಂದರೇನಕ್ಕಾ, ಅರಳುಮರುಳೇ ಎಂದು ಕೇಳಿದೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು ಹೇಳುತ್ತೇನೆ, ಕೇಳು. ಲ್ಯಾಟಿನ್ ಭಾಷೆಯಲ್ಲಿ ‘ಲಕ್ಸ್’ ಎಂದರೆ ಬೆಳಕು. ಲೂಸಿಡ್ ಆ ಮನೆತನದ ಶಬ್ದ. ಮೊದಮೊದಲು ಹೊಳೆಯುವುದಕ್ಕೆ ಹಾಗೆನ್ನುತ್ತಿದ್ದರು. ಆಮೇಲೆ ತಿಳಿಯಾದ ಮಾತಿಗೂ, ಮಬ್ಬಿಲ್ಲದ ಬುದ್ಧಿಗೂ ಅದೇ ಹೆಸರಾಯಿತು. ಹಾಗಾದರೆ ನಮ್ಮವ್ವನ ತಲೆಯಲ್ಲಿ ಕತ್ತಲೆಯೇ? ನಾನು ನಂಬಲಿಲ್ಲ.

ನಿನಗೆ ಹೇಳದೆ ಅವಳನ್ನು ಅದೇ ಡಾಕ್ಟರ ಬಳಿ ಮತ್ತೆ ಕರೆದುಕೊಂಡು ಹೋದೆ. ಆವತ್ತು ನೀನು ಹೊರಗೆ ಕುಳಿತಿದ್ದೆ. ಈ ಸಲ ನಾನು ಒಳಗೇ ನಿಂತೆ. ಡಾಕ್ಟರು ವಾರ ಯಾವುದು, ಊರು ಯಾವುದು ಎಂದರೆ ಅವ್ವ ಪಟಪಟ ಹೇಳಿದಳು. ಗಂಡನ ಹೆಸರೇನು ಎಂದರು. ಅವ್ವ ಸೆರಗು ಎಳೆದುಕೊಂಡು ನೆಲ ನೋಡಿದಳು. ಮತ್ತೆ ಕೇಳಿದರು, ಮತ್ತೆ ನೆಲ. ನಮ್ಮ ಕಡೆಯ ಹಿರಿಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲವೆಂದು ಪರರಾಜ್ಯದಿಂದ ಬಂದ ಆ ಹುಡುಗ ಡಾಕ್ಟರಿಗೆ ಹೇಗೆ ತಿಳಿಯಬೇಕು? ನನಗೆ ನಗುವೂ ಬಂತು, ಅಳುವೂ ಬಂತು.

“ಒಡಪ ಹಚ್ಚಿ ಹೇಳ ಬೇ ಯವ್ವಾ” ಎಂದೆ. ಪ್ರಾಸದ ಪದ್ಯದೊಳಗೆ ಸೇರಿಸಿದರೆ ಗಂಡನ ಹೆಸರು ಹೇಳಬಹುದಲ್ಲ! ತಲೆ ಎತ್ತಿದಳು.

“ತಿಕೋಟಾದ ದ್ರಾಕ್ಷಿಗಿ ಎಳಿಬಿಸಲ ಕಾವ,
ಧೂಳಪ್ಪನ ಹೆಸರ ಹೇಳತೇನಿ, ತೆಗೀರಿ ಮೊಣಕಾಲ ನೋವ!”

ನರ್ಸ್ ಚಪ್ಪಾಳೆ ತಟ್ಟಿದಳು. ನಾನು ಅರ್ಥ ಬಿಡಿಸಿ ಹೇಳಿದ ಮೇಲೆ ಡಾಕ್ಟರೂ ನಕ್ಕರು, ಅವ್ವನ ಕೈ ಹಿಡಿದು ತಪ್ಪಾಯಿತೆಂದರು.

ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಕುಂತಲ್ಲೇ ಇರಲಿ ಎನ್ನುತ್ತೀ ನೀನು. ನಿನ್ನದು ಅಂಜಿಕೆ, ನನಗೆ ಗೊತ್ತು. ಆದರೆ ಕಾಲು ಅವಳದು, ಬೇಕೋ ಬೇಡವೋ ಎಂದು ಹೇಳುವಷ್ಟು ಬುದ್ಧಿ ಅವಳಿಗೆ ನೆಟ್ಟಗೇ ಇದೆ. ಇದು ನಿನ್ನ ಒಪ್ಪಿಗೆ ಕೇಳುವ ಕಾಗದವಲ್ಲ. ಸಿಟ್ಟು ಬಂದರೆ ಬಂದು ಜಗಳಾಡಿ ಹೋಗು, ಊಟ ಮಾಡಿಸಿಯೇ ಕಳಿಸುತ್ತೇನೆ.

ನಿನ್ನ ಹಟಮಾರಿ ಅಕ್ಕ,
ನಿರ್ಮಲಾ

ತಾ.ಕ.: ಆಪರೇಷನ್ ಹೋದ ಮಂಗಳವಾರವೇ ಆಯಿತು. ನಿನ್ನೆ ಅವ್ವ ವಾಕರ್ ಹಿಡಿದು ಬಾಗಿಲವರೆಗೆ ನಡೆದಳು. ಆಪರೇಷನ್ ಬೇಕೇ ಬೇಕೆಂದು ಇಷ್ಟು ಹಟ ಯಾಕೆ ಮಾಡಿದೆ ಎಂದು ಕೇಳಿದೆ. “ಬಬಲೇಶ್ವರದಾಗ ಚಂದ್ರಿ ಮ್ಯಾಲ ಮನಿ ಕಟ್ಟಿಸ್ಯಾಳ. ಮೆಟ್ಟಲ ಏರಾಕ ಆಗದ ನಾ ಇನ್ನೂ ಆಕಿ ಮನ್ಯಾಗ ಕಾಲಿಟ್ಟಿಲ್ಲ” ಎಂದಳು.