ಕೂಡಿಸುವ ಕೋಣೆಯ ಮೂಗುಗಳು

ಮಿನೋ, ಒಸಾಕಾ
೧೪ ಏಪ್ರಿಲ್ ೨೦೦೯

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಕಳೆದ ತಿಂಗಳು ನೀವು ವರ್ಗವಾಗಿ ಹೋದ ತೊಯಾಮಾದಲ್ಲಿ ಇನ್ನೂ ಚಳಿಯಂತೆ. ಅಮ್ಮ ಕಳಿಸಿದ ಉಪ್ಪು ಪ್ಲಮ್ಮಿನ ಡಬ್ಬಿ ತಲುಪಿತೇ? ಕಂಪನಿಯ ಹಾಸ್ಟೆಲ್ ಊಟ ನಂಬಿ ಹೊಟ್ಟೆ ಕೆಡಿಸಿಕೊಳ್ಳಬೇಡಿ.

ಹನ್ನೊಂದು ವರ್ಷ ಪಾತ್ರೆ ತೊಳೆದವಳಿಗೆ ಕೂಡಿಸುವ ಕೋಣೆಗೆ ಬಡ್ತಿ ಸಿಕ್ಕಿತೆಂದು ಅಮ್ಮ ಕೆಂಪು ಕಾಳಿನ ಅನ್ನ ಮಾಡಿದ್ದಳು, ನಿಮ್ಮ ಬಡ್ತಿಯಂದು ಮಾಡಿದಂತೆಯೇ. ಉದ್ದದ ಪ್ರೋಟೀನನ್ನು ಒಂದೇ ಸಲಕ್ಕೆ ಕಟ್ಟಲಾಗದು, ಎರಡು ತುಂಡು ಕಟ್ಟಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಬೆಸೆಯಬೇಕೆಂದು ಊಟದ ಕಡ್ಡಿಗಳನ್ನು ತುದಿಗೆ ತುದಿ ಇಟ್ಟು ಕಲಿಸಿದವರು ನೀವು. ಆ ಬೆಸುಗೆಗೆ ಸುರಿಯುವ ಥಯಾಲ್ ಎಂಬ ಗಂಧಕದ ರಾಸಾಯನಿಕದ ನಾತಕ್ಕೆ ರೈಲಿನಲ್ಲಿ ಜನ ನಿಮ್ಮ ಪಕ್ಕದಿಂದ ಎದ್ದುಹೋಗುತ್ತಿದ್ದರು. ನೀವು ನಗುತ್ತಿದ್ದಿರಿ: "ಸೀಟು ಸಿಕ್ತಲ್ಲ ಪುಟ್ಟಿ, ಕೂತ್ಕೋ."

ಕಳೆದ ಗುರುವಾರ ಥಯಾಲ್ ಪಾತ್ರೆಯ ಮುಚ್ಚಳ ಸಡಿಲಾಗಿತ್ತು. ನಾವು ನಾಲ್ವರು ಅರ್ಧ ದಿನ ಅದರ ಪಕ್ಕದಲ್ಲೇ ದುಡಿದೆವು. ಮಧ್ಯಾಹ್ನ ಬಾಗಿಲು ತೆರೆದ ಆಫೀಸಿನ ಹೆಂಗಸು ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡು ಬಿದ್ದಳು. ನಮ್ಮಲ್ಲೊಬ್ಬರಿಗೂ ನಾತ ಬಡಿದಿರಲಿಲ್ಲ. ಹಿರಿಯ ಕುರಾಮೊಚಿ ಕೈಗವಸು ಕಳಚುತ್ತ ಕೇಳಿದರು: "ನಿನ್ ಮೂಗೂ ಹೋಗಿದೆ ಕಣಮ್ಮ. ಅದಕ್ಕೇ ಇಲ್ಲಿಗೆ ಹಾಕಿದಾರೆ. ಬಡ್ತಿ ಅಂದ್ಕೊಂಡಿದ್ಯಾ?"

ಮರುದಿನ ಕಾರ್ಮಿಕ ಸಂಘದವರ ಜೊತೆ ಹೋಗಿ ತಪಾಸಣೆಯ ರಿಜಿಸ್ಟರು ತೆಗೆಸಿದೆ. ವರ್ಷಕ್ಕೊಮ್ಮೆ ಐದು ಬಾಟಲಿ ಮೂಸಿಸುವುದು ನಮ್ಮ ಆರೋಗ್ಯಕ್ಕೆಂದು ನಂಬಿದ್ದೆ. ಫೆಬ್ರವರಿಯಲ್ಲಿ ಒಂದೂ ಗೊತ್ತಾಗದಾಗ ಸೀಡರ್ ಪರಾಗದ ನೆಗಡಿ ಎಂದುಕೊಂಡೆ. ನನ್ನ ಹೆಸರಿನ ಮುಂದೆ ಬರೆದಿದೆ: "ಕೂಡಿಸುವ ಕೋಣೆಗೆ ಅರ್ಹಳು." ನಾತವಿಲ್ಲದ ಥಯಾಲ್ ತರಿಸಿ ಎಂದು ಸಂಘ ಮೂರು ಸಲ ಕೇಳಿತ್ತು. ಈ ಕಟುಕರು ಥಯಾಲ್ ಬದಲಿಸಲಿಲ್ಲ, ಮೂಗು ಬದಲಿಸಿದರು. ಮೂಗಿದ್ದವನು ದೂರು ಕೊಡುತ್ತಾನೆ. ಸತ್ತ ಮೂಗಿನವನು ತಲೆ ತಗ್ಗಿಸಿ ದುಡಿಯುತ್ತಾನೆ.

ಪುಟದ ಕೆಳಗೆ ತಪಾಸಣೆಯ ಫಲಕ್ಕೆ ಒಪ್ಪಿಗೆ ಕೊಟ್ಟವರ ಕೆಂಪು ಮೊಹರು. ಎಡಗಡೆಯ ಅಂಚು ಚೂರು ಒಡೆದಿದೆ. ಎಂಟು ವರ್ಷದವಳಿದ್ದಾಗ ನಿಮ್ಮ ಮೇಜಿನಿಂದ ಅದನ್ನು ಕೆಳಗೆ ಬೀಳಿಸಿ ಒಡೆದವಳು ನಾನು. ನೀವು ಬೈದಿರಲಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಮೊಣಕಾಲಿಗೆ ಬಿಸಿ ಶಾಖ ಕೊಟ್ಟುಕೊಳ್ಳಿ.

ನಿಮ್ಮ ಮಗಳು,
ಚಿಗುಸಾ

ಮರೆಯುವ ಮುನ್ನ: ಬರುವ ಸೋಮವಾರ ಅಲ್ಲಿ ಇಪ್ಪತ್ತಾರು ಹೊಸ ಹುಡುಗಿಯರ ಮೂಗು ನೋಡುವವರು ನೀವೇ ಎಂದು ತಿಳಿಯಿತು. ಮೊಹರು ಒತ್ತಬೇಡಿ. ಒತ್ತಿದರೆ ಸಂಘದ ದೂರಿನಲ್ಲಿ ನಿಮ್ಮ ಹೆಸರೂ ಇರುತ್ತದೆ, ಬರೆಯುವ ಕೈ ನನ್ನದೇ. ನನ್ನ ಬಡ್ತಿಗೆ ಮಾಡಿದ ಆ ಕೆಂಪು ಕಾಳಿನ ಅನ್ನದ ದಿನ ಬಾಣಲೆಯಲ್ಲಿ ಎಳ್ಳು ಸೀದು ಕರಕಲಾಯಿತು, ನೆನಪಿದೆಯೇ? ಬಟ್ಟೆ ಹರವುತ್ತಿದ್ದ ಅಮ್ಮ ಸೀದ ವಾಸನೆಗೆ ಹಿತ್ತಿಲಿನಿಂದ ಓಡಿಬಂದಳು. ಒಲೆಯ ಪಕ್ಕದಲ್ಲೇ ಕೂತು ನಾವಿಬ್ಬರೂ ನಗುತ್ತಿದ್ದೆವು.