ಮಳೆ ಹೇಳುವ ತಲೆ

ಲಾಂಡ್ರಿಯ ಹಿಂದಿನ ಕೋಣೆ,
ಜೂನ್ ೧೨, ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವ, ಪಾಪು ಚೆನ್ನಾಗಿದ್ದಾರಾ? ನಿನ್ನ ತಲೆನೋವು ಈಗಲೂ ಬರುತ್ತದಾ? ಇಷ್ಟು ವರ್ಷದಲ್ಲಿ ನಾನು ಇದನ್ನು ಕೇಳುತ್ತಿರುವುದು ಇದೇ ಮೊದಲು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರಹ, ಸಾಲು ಸೊಟ್ಟಗಿದ್ದರೆ ಸುಧಾರಿಸಿಕೋ.

ನನಗೂ ಅದೇ ಶುರುವಾಗಿದೆ ಅಕ್ಕಾ. ಮೊದಲು ಕಣ್ಣಂಚಿನಲ್ಲಿ ಏನೋ ಮಿಣಮಿಣ ಎನ್ನುತ್ತದೆ. ಆಮೇಲೆ ಎಡಗಡೆ ಮಾತ್ರ, ಯಾರೋ ಒಳಗೆ ಕೂತು ಬಟ್ಟೆ ಒಗೆದ ಹಾಗೆ. ಬೆಳಕು ಬೇಡ, ಸದ್ದು ಬೇಡ, ಆದರೆ ಇಲ್ಲಿ ದಿನವಿಡೀ ಮಷೀನು ಗುಡುಗುತ್ತದೆ. ಆಸ್ಪತ್ರೆಯ ಬೆಡ್‌ಶೀಟುಗಳನ್ನು ನಾವು ತಾರಸಿಯಲ್ಲಿ ಒಣಗಿಸುತ್ತೇವೆ, ದಿನಕ್ಕೆ ಇನ್ನೂರು. ನಾನು ತಲೆ ಹಿಡಿದು ಕೂತ ದಿನ ಸಂಜೆಯೊಳಗೆ ಮಳೆ ಬರುತ್ತದೆ ಎಂದು ಮೊದಲು ಗಮನಿಸಿದವರು ಇಸ್ತ್ರಿ ಹಾಕುವ ತಾತ. ಯಜಮಾನರಿಗೆ ಹೇಳಿಯೂಬಿಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲೇ ಯಜಮಾನರ ಪ್ರಶ್ನೆ, "ಏನಮ್ಮಾ ಹವಾಮಾನ, ಇವತ್ತು ತಲೆ ಹೇಗಿದೆ?" ನನ್ನ ತಲೆಯನ್ನು ಇಷ್ಟು ಅಕ್ಕರೆಯಿಂದ ಯಾರೂ ವಿಚಾರಿಸಿರಲಿಲ್ಲ. ಅಕ್ಕರೆ ಬೆಡ್‌ಶೀಟಿನ ಮೇಲೆ ಬಿಡು. ನೋವಿದೆ ಎಂದರೆ ಬಟ್ಟೆ ಒಳಗಿನ ಹಗ್ಗಕ್ಕೆ, ಇಲ್ಲ ಎಂದರೆ ತಾರಸಿಗೆ. ನನಗೆ ರಜೆ ಮಾತ್ರ ಇಲ್ಲ.

ಒಮ್ಮೆ ತಲೆ ಸಿಡಿಯುತ್ತಿತ್ತು, ಬಟ್ಟೆಯೆಲ್ಲ ಒಳಗೇ ಉಳಿಯಿತು. ಹೊರಗೆ ಸಂಜೆವರೆಗೂ ಬಿಸಿಲು ರಾಚಿತು. ಹಿಂದಿನ ದಿನದಿಂದ ನಾನು ಏನೂ ತಿಂದಿರಲಿಲ್ಲ, ಅಷ್ಟೆ. "ಇವಳಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಕೊಡಿ ಸ್ವಾಮಿ, ಮಳೆನೇ ಬರಲ್ಲ" ಎಂದರು ತಾತ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕರೆ ಇನ್ನೂ ನೋಯುತ್ತಿತ್ತು.

ಆಮೇಲೆ ತಾತನೇ ಬೈದು ಡಾಕ್ಟರಮ್ಮನ ಹತ್ತಿರ ಕಳಿಸಿದರು. ಅವರು ನಗಲಿಲ್ಲ. ಇದಕ್ಕೆ ಮೈಗ್ರೇನ್ ಎನ್ನುತ್ತಾರಂತೆ. ಮಳೆಗೆ ಮೊದಲು ಗಾಳಿಯ ಒತ್ತಡ ಇಳಿಯುತ್ತದಂತೆ, ಕೆಲವರ ತಲೆ ಅದನ್ನು ತಾಳುವುದಿಲ್ಲವಂತೆ. ಊಟ ತಪ್ಪಿದರೂ, ನಿದ್ದೆಗೆಟ್ಟರೂ ಬರುತ್ತದಂತೆ. ನೋವು ಶುರುವಾದ ಕೂಡಲೇ ನುಂಗು ಎಂದು ಮಾತ್ರೆ ಕೊಟ್ಟರು. ಮೊನ್ನೆ ಸೋಮವಾರ ಏಳುವಾಗಲೇ ಬಂತು, ನುಂಗಿದೆ. ಬಾಗಿಲು ತೆಗೆಯುವ ಹೊತ್ತಿಗೆ ತಲೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಯಜಮಾನರು ಕೇಳಿದಾಗ ಏನೂ ಇಲ್ಲ ಎಂದೆ. ಮಧ್ಯಾಹ್ನ ಇನ್ನೂರೂ ಬೆಡ್‌ಶೀಟು ತೊಯ್ದು ತೊಪ್ಪೆ. ಮಾತ್ರೆ ನುಂಗಿದ್ದನ್ನು ಆಗ ಹೇಳಲೇಬೇಕಾಯಿತು. ಯಜಮಾನರು ಕೂಗಾಡಲಿಲ್ಲ, ಅದೇ ಕಷ್ಟ. "ಮಳೆಗಾಲ ಮುಗಿಯೋವರೆಗೂ ಆ ಮಾತ್ರೆ ಬೇಡಮ್ಮಾ, ಸ್ವಲ್ಪ ತಡ್ಕೋ. ಬೇರೆಯವಳನ್ನ ಹುಡುಕೋಕೆ ನನಗೂ ಇಷ್ಟ ಇಲ್ಲ" ಎಂದರು. ತಲೆಯಾಡಿಸಿ ಬಂದೆ. ನನಗೆ ಎದುರುಮಾತು ಬರುವುದಿಲ್ಲ, ನಿನಗೆ ಗೊತ್ತಲ್ಲ. ಎರಡು ದಿನದಿಂದ ಮಾತ್ರೆ ಚೀಲದಲ್ಲೇ ಇದೆ. ತುಂಬಾ ಸುಸ್ತಾಗಿದೆ ಅಕ್ಕಾ.

ದೀಪ ಆರಿಸಿ ಕೂತಾಗೆಲ್ಲ ನಿನ್ನದೇ ನೆನಪು. ಹಣೆಗೆ ಬಟ್ಟೆ ಬಿಗಿದು ನೀನು ಬಾಗಿಲ ಹಿಂದೆ ಮಲಗುತ್ತಿದ್ದೆ. ನಾನು ಬೇಕೆಂದೇ ತಟ್ಟೆ ಬಡಿಯುತ್ತಿದ್ದೆ. "ಪಾತ್ರೆ ತೊಳೆಯೋ ಹೊತ್ತಿಗೇ ಬರತ್ತೆ ನೋಡಮ್ಮಾ ಇವಳ ತಲೆನೋವು" ಎಂದವಳೂ ನಾನೇ. ನೀನು ಎದ್ದು ಹೋಗಿ ತೊಳೆದೆ.

ಭಾವನಿಗೆ ನಮಸ್ಕಾರ, ಪಾಪುಗೆ ಮುತ್ತು. ನೀನು ಹೊತ್ತಿಗೆ ಊಟ ಮಾಡು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಈಗ ತಾನೇ ಶುರುವಾಯಿತು, ಅಕ್ಷರಗಳು ಕುಣಿಯುತ್ತಿವೆ. ಹೊರಗೆ ಬಿಸಿಲಿದೆ. "ಹವಾಮಾನಾ, ಮೇಲೆ ಹಾಕ್ಲಾ?" ಎಂದು ಯಜಮಾನರು ಕೂಗಿದರು. ಮಾತ್ರೆ ನುಂಗಿಬಿಟ್ಟೆ. ಬಾಯಲ್ಲಿ ಹೇಳಲು ಧೈರ್ಯ ಬರದೆ ಚೀಟಿ ಬರೆದು ತಾತನ ಕೈಗೆ ಕೊಟ್ಟೆ: 'ನೋವು ಬಂತು, ಮಾತ್ರೆ ತಗೊಂಡೆ, ಇನ್ನು ಮುಂದೂ ತಗೊಳ್ಳುತ್ತೇನೆ, ಆಕಾಶ ನೀವೇ ನೋಡಿಕೊಳ್ಳಿ.' ಕೆಲಸ ಹೋದರೆ ನಾಲ್ಕು ದಿನ ನಿನ್ನ ಮನೆಗೆ ಬರಲಾ ಅಕ್ಕಾ? ಪಾತ್ರೆ ನಾನೇ ತೊಳೆಯುತ್ತೇನೆ. ಸದ್ದು ಮಾಡುವುದಿಲ್ಲ.